ತಾಟು ತೊಳೆದ ನೀರು

ಅಡುಗೆಮನೆಯಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಆ ಮನೆಯಲ್ಲಿ ನನಗೆ ಪೂರ್ತಿ ನೆನಪಿರುವ ಕೋಣೆ ಅದೊಂದೇ. ಉಳಿದವು ತುಂಡುತುಂಡಾಗಿವೆ: ಮಲಗುವ ಕೋಣೆಗೆ ಒಂದು ಗೋಡೆ ಕಡಿಮೆ, ಪಡಸಾಲೆಯ ಬಾಗಿಲು ಒಮ್ಮೆ ಎಡಕ್ಕಿರುತ್ತದೆ, ಒಮ್ಮೆ ಬಲಕ್ಕೆ. ಅಡುಗೆಮನೆ ಮಾತ್ರ ಗಟ್ಟಿ. ವಡೋದರಾದ ಗೋರ್ವಾದಲ್ಲಿ ಮೂರು ಅಂತಸ್ತಿನ ಕಟ್ಟಡದ ಮೊದಲ ಮಹಡಿ. ಕಿಟಕಿ ತೆರೆದರೆ ಪಕ್ಕದ ಮನೆಯ ಹಂಸಾಬೆನ್ ಅವರ ಉಯ್ಯಾಲೆ, ಅದರ ಸರಪಳಿಯ ಕಿರಗುಟ್ಟುವಿಕೆ, ಬೆಲ್ಲ ಬಿದ್ದ ಬೇಳೆ ಕುದಿಯುವ ವಾಸನೆ. ಒಳಗೆ ಕಲ್ಲಿನ ಕಟ್ಟೆ, ಎಡಕ್ಕೆ ಗ್ಯಾಸಿನ ಒಲೆ, ಬಲಕ್ಕೆ ತಕ್ಕಡಿ. ತಕ್ಕಡಿ ಎಂದರೆ ಬಿಳಿಯ ಚಪ್ಪಟೆ ಯಂತ್ರ, ಮುಂದೆ ಕೆಂಪು ಅಂಕಿಗಳು. ಅಪ್ಪ ರಸಗೊಬ್ಬರದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಲ್ಯಾಬಿಗೆ ಸಾಮಾನು ಪೂರೈಸುವವನಿಂದಲೇ ಅದನ್ನು ತರಿಸಿದ್ದ. ಅದರ ಮೇಲೆ ಅವ್ವ ಒಂದು ತುಣುಕು ಪನೀರ್ ಇಡುವಾಗ ನಾನು ಕಟ್ಟೆಗೆ ಗದ್ದ ಊರಿ ಅಂಕಿಗಳು ಓಡುವುದನ್ನು ನೋಡುತ್ತಿದ್ದೆ. ಮೂವತ್ತೊಂದು. ಅವ್ವ ಉಗುರಿನ ತುದಿಯಿಂದ ಒಂದಿಷ್ಟು ಕೆರೆದು ತೆಗೆಯುತ್ತಿದ್ದಳು. ಮೂವತ್ತು. ಆಮೇಲೆ ನಲವತ್ತು ಗ್ರಾಂ ಎಲೆಕೋಸು, ಹದಿನೆಂಟು ಗ್ರಾಂ ತುಪ್ಪ, ಹದಿನೈದು ಗ್ರಾಂ ಕೊಬ್ಬರಿ ಎಣ್ಣೆ. ಎಂಟು ವರ್ಷದ ನನ್ನ ಮಧ್ಯಾಹ್ನದ ಊಟ ಅಷ್ಟೇ. ರೊಟ್ಟಿ ಇಲ್ಲ, ಅನ್ನ ಇಲ್ಲ, ಬೇಳೆ ಇಲ್ಲ, ಬಾಳೆಹಣ್ಣು ಇಲ್ಲ, ಸಕ್ಕರೆಯಂತೂ ಕನಸಿನಲ್ಲೂ ಇಲ್ಲ. ಹಾಗೆ ನೋಡಿದರೆ ಕನಸಿನಲ್ಲಿ ಇತ್ತು, ದಿನಾ ಇತ್ತು.

ನನಗೆ ಫಿಟ್ಸ್ ಬರುತ್ತಿತ್ತು. ಕೈಕಾಲು ಬಡಿದುಕೊಂಡು ನೊರೆ ಬರುವಂಥವು ಅಪರೂಪ. ನನ್ನವು ಬೀಳುವ ಫಿಟ್ಸ್. ನಿಂತವಳು ನಿಂತಲ್ಲೇ ಮೂಟೆಯ ಹಾಗೆ ಕುಸಿಯುತ್ತಿದ್ದೆ, ಎರಡು ಮೂರು ಸೆಕೆಂಡಿಗೆ ಮತ್ತೆ ಏಳುತ್ತಿದ್ದೆ. ಅಷ್ಟರಲ್ಲಿ ಗದ್ದ ಒಡೆದಿರುತ್ತಿತ್ತು, ಇಲ್ಲವೆ ಹಲ್ಲು, ಇಲ್ಲವೆ ಕೈಯಲ್ಲಿದ್ದ ಲೋಟ. ದಿನಕ್ಕೆ ಹದಿನೈದು, ಇಪ್ಪತ್ತು ಸಲ. ಮೂರು ಬಗೆಯ ಔಷಧ ಆಗಿತ್ತು. ಮೂರೂ ಸೇರಿ ನನ್ನನ್ನು ನಿದ್ದೆಗಣ್ಣಿನ ಹುಡುಗಿ ಮಾಡಿದ್ದವೇ ಹೊರತು ಬೀಳುವುದನ್ನು ನಿಲ್ಲಿಸಿರಲಿಲ್ಲ. ಪ್ರತಿ ಸಲ ಬಿದ್ದಾಗಲೂ ಅಪ್ಪನ ನೋಟುಬುಕ್ಕಿನಲ್ಲಿ ಒಂದು ಗೀರು. ಹಗಲು ಅವ್ವ ಎಳೆಯಬೇಕು, ಸಂಜೆ ಅಪ್ಪ ಎಣಿಸಬೇಕು. ಇನ್ನೊಂದು ಸಂಗತಿ ಈಗಲೇ ಹೇಳಿಬಿಡುತ್ತೇನೆ. ಬಿದ್ದಾಗೆಲ್ಲ ಒಂದಿಷ್ಟು ಹೊತ್ತು ನಾನು ಎಲ್ಲೂ ಇರುತ್ತಿರಲಿಲ್ಲ. ಇಪ್ಪತ್ತು ಗೀರು ಎಂದರೆ ಆ ದಿನದಲ್ಲಿ ನಾನಿಲ್ಲದ ಇಪ್ಪತ್ತು ಜಾಗ. ಆ ಜಾಗಗಳನ್ನು ಆಮೇಲೆ ಅವ್ವ ಹೇಳಿದ್ದು, ಅಜ್ಜಿ ಹೇಳಿದ್ದು, ನೋಟುಬುಕ್ಕಿನಲ್ಲಿದ್ದದ್ದು ಬಂದು ತುಂಬಿದವು. ಆದ್ದರಿಂದ ಇದನ್ನು ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ನಾನೂ ನಂಬಿಲ್ಲ. ಕಥೆ ಎಲ್ಲಿ ಬಹಳ ನುಣುಪಾಗಿದೆಯೋ ಅಲ್ಲಿ ಯಾರೋ ಹೊಲಿಗೆ ಹಾಕಿದ್ದಾರೆ ಎಂದುಕೊಳ್ಳಿ.

ಅಹಮದಾಬಾದಿನ ಆಸ್ಪತ್ರೆಗೆ ನಾವು ನಾಲ್ವರೂ ಹೋದದ್ದು ನನಗೆ ನೆನಪಿದೆ. ಅಪ್ಪ, ಅವ್ವ, ನಾನು ಮತ್ತು ಆಯಿ, ಎಂದರೆ ಅಪ್ಪನ ತಾಯಿ. ಆಯಿ ಬಾಗಲಕೋಟೆಯ ಕಡೆಯವಳು, ನನ್ನ ಫಿಟ್ಸ್ ಶುರುವಾದ ಮೇಲೆ ನಮ್ಮ ಜೊತೆ ಬಂದಿದ್ದವಳು. ಅವಳಿಗೆ ಹಿಂದಿಯೂ ಬಾರದು, ಗುಜರಾತಿಯೂ ಬಾರದು. ಆದರೂ ಡಾಕ್ಟರು ಮಾತಾಡುವಾಗ ಎಲ್ಲರಿಗಿಂತ ಮುಂದಿನ ಕುರ್ಚಿ ಅವಳದೇ. ಡಾಕ್ಟರು ಹೇಳಿದ್ದು ಇಷ್ಟು: ಔಷಧ ಕೆಲಸ ಮಾಡದ ಮಕ್ಕಳಿಗೆ ಒಂದು ಊಟ ಇದೆ. ಮೈಗೆ ಪಿಷ್ಟ, ಸಕ್ಕರೆ ಸಿಗದ ಹಾಗೆ ಮಾಡಿ ಬರಿಯ ಕೊಬ್ಬಿನ ಮೇಲೆ ನಡೆಸಿದರೆ ಕೆಲವು ಮಕ್ಕಳ ಮಿದುಳು ಶಾಂತವಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ನಮ್ಮ ಕಣ್ಣೆದುರೇ ಶುರುಮಾಡಬೇಕು, ತೂಕ ತಪ್ಪಬಾರದು, ರಕ್ತಪರೀಕ್ಷೆ ತಪ್ಪಿಸಬಾರದು. ಮೂರು ತಿಂಗಳು ನೋಡೋಣ. ಫಿಟ್ಸ್ ಅರ್ಧಕ್ಕಾದರೂ ಇಳಿಯದಿದ್ದರೆ ನಿಲ್ಲಿಸಿಬಿಡೋಣ, ಸುಮ್ಮನೆ ಮಗುವಿಗೆ ಯಾಕೆ ಹಿಂಸೆ. ಆಮೇಲೆ ಡಯಟಿಶಿಯನ್ ಬಂದರು, ತೆಳ್ಳಗಿನ ಗುಜರಾತಿ ಹೆಂಗಸು. ಅವರು ದೊಡ್ಡವರನ್ನು ಬಿಟ್ಟು ನನ್ನ ಮುಂದೆ ಮಂಡಿಯೂರಿ ಕೂತರು.

“ಯೇ ಖಾನಾ ನಹೀ ಹೈ ಬೇಟಾ, ದವಾ ಹೈ. ಪ್ಲೇಟ್ ಮೇ ಜೋ ಘೀ ಚಿಪಕಾ ಹೈ, ವೋ ಭೀ ದವಾ. ಆಖರೀ ಬೂಂದ್ ತಕ್ ತುಮ್ಹಾರೇ ಪೇಟ್ ಮೇ. ಸಮಝೀ?”

ತಾಟಿಗೆ ಅಂಟಿದ ತುಪ್ಪವೂ ಔಷಧ, ಕೊನೆಯ ಹನಿಯೂ ನನ್ನ ಹೊಟ್ಟೆಗೇ. ನಾನು ತಲೆಯಾಡಿಸಿದೆ. ಚೆನ್ನಾಗಿ ತಿಳಿಯಿತು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆ ನನಗೆ ತಿಳಿದಿರಲಿಲ್ಲ ಎಂಬ ನೆವವನ್ನು ಮನೆಯವರೆಲ್ಲ ಬಹಳ ಪ್ರೀತಿಯಿಂದ ನನಗೆ ಕೊಟ್ಟರು, ನಾನು ವರ್ಷಗಟ್ಟಲೆ ಅದನ್ನು ಇಟ್ಟುಕೊಂಡೆ. ಆಯಿಗೆ ಮಾತ್ರ ತಿಳಿಯಲಿಲ್ಲ.

“ಏನಂತಾಳ ಆಕಿ?”

“ತಾಟು ಸ್ವಚ್ಛ ಆಗಬೇಕಂತ, ಅತ್ತಿ. ಒಂದು ಹನಿ ಎಣ್ಣಿ ಉಳೀಬಾರದಂತ,” ಅವ್ವ ಹೇಳಿದಳು.

ಆಯಿ ಸೆರಗು ಸರಿಮಾಡಿಕೊಂಡು ಡಯಟಿಶಿಯನ್ ಕಡೆ ಕರುಣೆಯಿಂದ ನೋಡಿದಳು.

“ಇದನ್ನ ಹೇಳಾಕ ಇಷ್ಟ ದೂರ ಕರಿಸಿದ್ರೇನು? ತಾಟು ಹೆಂಗ ಸ್ವಚ್ಛ ಮಾಡಬೇಕು ಅಂತ ನಮ್ಮ ಮಂದಿಗೆ ಹೇಳಿಕೊಡ್ತಾಳಂತ?”

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ನಮ್ಮದು ಇಷ್ಟಲಿಂಗ ಕಟ್ಟಿಕೊಳ್ಳುವ ಮನೆ. ಆಯಿಯ ಪಾಲಿಗೆ ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಅದರಲ್ಲಿ ಒಂದು ಅಗುಳೂ ಕೆಡಬಾರದು. ಉಂಡಾದ ಮೇಲೆ ಅವಳು ತಾಟಿಗೆ ಒಂದು ಸೌಟು ನೀರು ಹಾಕಿ, ಬೆರಳಿನಿಂದ ಅಂಚಿನ ಸುತ್ತ ತೊಳೆದು, ಆ ನೀರನ್ನು ಎತ್ತಿ ಕುಡಿಯುತ್ತಿದ್ದಳು. ಆಮೇಲೆ ತಾಟನ್ನು ಒರೆಸಿ ಮಗುಚಿ ಇಟ್ಟರೆ ಅದು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಅಪ್ಪ ಕಾಲೇಜಿಗೆ ಹೋದ ಮೇಲೆ ಇದನ್ನು ಬಿಟ್ಟಿದ್ದ, ಅವ್ವ ಆಯಿಯ ಎದುರು ಮಾತ್ರ ಮಾಡುತ್ತಿದ್ದಳು. ಈಗ ನೋಡಿ, ಆಸ್ಪತ್ರೆಯಲ್ಲೇ ಊಟ ಶುರುವಾಗಿ ಕೆಲವು ದಿನಕ್ಕೆ ಮನೆಗೆ ಹೊರಟಾಗ, ಅಹಮದಾಬಾದಿನ ಡಾಕ್ಟರರ ಚೀಟಿ ಕೈಯಲ್ಲಿ ಹಿಡಿದು ಆಯಿ ರೈಲಿನಲ್ಲಿ ಗೆದ್ದ ಮುಖದಿಂದ ಕೂತಿದ್ದಳು. ಮಣಿನಗರ ಸ್ಟೇಶನ್ ದಾಟುವಷ್ಟರಲ್ಲಿ ನನಗೆ ತಾಟು ತೊಳೆದು ಕುಡಿಸುವ ಕೆಲಸ ತನ್ನದು ಎಂದು ಘೋಷಿಸಿಯೂ ಆಗಿತ್ತು. ಹೀಗೆ ಕೆಲಸ ಹಂಚಿಕೆಯಾಯಿತು: ತೂಗುವುದು ಅವ್ವ, ಉಣಿಸುವುದು ಆಯಿ, ಬರೆಯುವುದು ಅಪ್ಪ, ನುಂಗುವುದು ನಾನು.

ಮೊದಲ ಆರೇಳು ವಾರಗಳನ್ನು ನಾನು ಹೇಗೆ ಬರೆಯಲಿ? ಅಂಥ ಸಡಗರ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ, ಮದುವೆಗಳಲ್ಲೂ ಆಗಲಿಲ್ಲ. ಮೊದಲ ವಾರ ವಾಂತಿ, ಹಸಿವು, ಅಳು. ಅದನ್ನೆಲ್ಲ ಅವ್ವ ಹೇಳುತ್ತಾಳೆ, ನನಗೆ ನೆನಪಿರುವುದು ಬಣ್ಣ. ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿಯೊಂದಿತ್ತು. ಮೈ ಕೊಬ್ಬನ್ನು ಉರಿಸಲು ಶುರುಮಾಡಿದರೆ ಅದರ ತುದಿ ಬಣ್ಣ ತಿರುಗಬೇಕು: ಮೊದಲು ಮಾಸಲು ಬಿಳಿ, ಆಮೇಲೆ ತಿಳಿ ಗುಲಾಬಿ, ಚೆನ್ನಾಗಿ ನಡೆದಿದ್ದರೆ ಬದನೆಕಾಯಿಯ ಬಣ್ಣ. ಅಪ್ಪ ಬೆಳಿಗ್ಗೆ ಬಚ್ಚಲಿನಿಂದ ಪಟ್ಟಿಯನ್ನು ಹಿಡಿದು ಕಿಟಕಿಯ ಬೆಳಕಿಗೆ ಓಡಿ ಬರುತ್ತಿದ್ದ. ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲೇ ಇರುತ್ತಿತ್ತು. ನಾವು ಮೂವರೂ ಅವನ ಸುತ್ತ ತಲೆ ಹಾಕಿ ಹದಿನೈದು ಸೆಕೆಂಡು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಹತ್ತನೆಯ ದಿನವೋ ಹನ್ನೆರಡನೆಯ ದಿನವೋ ಅದು ಬದನೆಕಾಯಿಯಾಯಿತು. ಅಪ್ಪ ನನ್ನನ್ನು ಎತ್ತಿ ತಿರುಗಿಸಿದ. ಆಯಿ ದೇವರ ಮುಂದೆ ದೀಪ ಹಚ್ಚಿದಳು, ಮೂತ್ರದ ಬಣ್ಣಕ್ಕೆ ದೀಪ ಹಚ್ಚಿದ್ದು ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ತಾನೊಬ್ಬಳೇ ಇರಬೇಕು ಎಂದು ನಕ್ಕಳು. ಅವ್ವ ಹೊಸ ಹೊಸದನ್ನು ಕಂಡುಹಿಡಿಯುತ್ತಿದ್ದಳು. ಕೆನೆಯನ್ನು ಮಂಜುಗಡ್ಡೆಯಲ್ಲಿಟ್ಟು ಅಕ್ರೋಟು ಪುಡಿ ಉದುರಿಸಿ ಐಸ್‌ಕ್ರೀಮು ಮಾಡಿದಳು. ಪನೀರನ್ನು ತೆಳ್ಳಗೆ ತಟ್ಟಿ ತುಪ್ಪದಲ್ಲಿ ಬೇಯಿಸಿ ‘ರೊಟ್ಟಿ’ ಎಂದು ಹೆಸರಿಟ್ಟಳು. ಅದು ರೊಟ್ಟಿಯ ಹಾಗೆ ಒಂದಿಷ್ಟೂ ಇರಲಿಲ್ಲ, ಆದರೆ ಆ ಹೆಸರು ನನಗೆ ಸಾಕಾಗುತ್ತಿತ್ತು. ನೋಟುಬುಕ್ಕಿನ ಗೀರುಗಳು ಹದಿನೆಂಟರಿಂದ ಒಂಬತ್ತಾದವು, ಒಂಬತ್ತರಿಂದ ನಾಲ್ಕು. ಒಂದು ಮಂಗಳವಾರ ಪುಟ ಖಾಲಿ. ಅಪ್ಪ ಆ ಖಾಲಿ ಪುಟದ ಕೆಳಗೆ ಸಹಿ ಮಾಡಿದ್ದಾನೆ, ಈಗಲೂ ಇದೆ. ನನ್ನ ತಲೆಯೊಳಗೆ ಯಾರೋ ಕಿಟಕಿ ಒರೆಸಿದ ಹಾಗಿತ್ತು. ಓದಿದ್ದು ಉಳಿಯತೊಡಗಿತು. ಹಂಸಾಬೆನ್ ಅವರ ಉಯ್ಯಾಲೆಯ ಸರಪಳಿಗೆ ಎಷ್ಟು ಕೊಂಡಿ ಎಂದು ಎಣಿಸಿದೆ, ಮರುದಿನ ಎಣಿಸಿದಾಗಲೂ ಅಷ್ಟೇ ಬಂತು. ಎರಡು ದಿನಗಳು ಒಂದಕ್ಕೊಂದು ಅಂಟಿಕೊಂಡದ್ದು ನನಗೆ ಅದೇ ಮೊದಲು.

ಆಮೇಲೆ ಚಳಿ ಬಂತು. ಗುಜರಾತಿನ ಚಳಿ ಎಂದರೆ ದೊಡ್ಡದೇನಲ್ಲ, ಆದರೆ ಕೊಬ್ಬರಿ ಎಣ್ಣೆಗೆ ಅಷ್ಟೇ ಸಾಕು. ನಾನು ನಿಧಾನ ಉಣ್ಣುವವಳು. ಅರ್ಧ ಉಣ್ಣುವಷ್ಟರಲ್ಲಿ ಸ್ಟೀಲಿನ ತಾಟಿನ ಮೇಲೆ ತುಪ್ಪ, ಎಣ್ಣೆ ಬಿಳಿಯ ಪೊರೆಯಾಗಿ ಹೆಪ್ಪುಗಟ್ಟುತ್ತಿತ್ತು. ಅದಕ್ಕೆ ಆಯಿ ತಣ್ಣೀರು ಹಾಕಿ ಬೆರಳಾಡಿಸಿದರೆ ಬಿಳಿಯ ಚೂರುಗಳು ತೇಲುತ್ತಿದ್ದವು. ದೀಪಾವಳಿಯ ಹೊತ್ತಿಗೆ ನಾನು ಗಟಗಟನೆ ಕುಡಿಯುತ್ತಿದ್ದ ನೀರು ಈಗ ಬಾಯಿಗೆ ತಂದರೆ ಗಂಟಲು ಹಿಂದಕ್ಕೆ ತಳ್ಳುತ್ತಿತ್ತು. ಒಂದು ದಿನ ಓಕರಿಸಿದೆ. ಆಯಿ ನನ್ನ ಬೆನ್ನು ಸವರಿದಳು, ಅಡುಗೆಮನೆಯ ಬಾಗಿಲ ಕಡೆ ನೋಡಿದಳು, ಅವ್ವ ಹಿಂದಿನ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಇರ್ಲಿ ಬಿಡವ್ವ. ಉಂಡದ್ದು ಉಂಡಿಯಲ್ಲ, ಇದು ಬರೇ ತೊಳದ ನೀರು. ಆದ್ರ ಪ್ರಸಾದ ಚೆಲ್ಲಬಾರದು ನೋಡು, ಕೊಡಿಲ್ಲೆ.”

ಎತ್ತಿ ಕುಡಿದೇಬಿಟ್ಟಳು. ಒರೆಸಿ ಮಗುಚಿ ಇಟ್ಟಳು. ತಾಟು ಹೊಳೆಯಿತು. ಅವ್ವ ಬಂದು ತಾಟನ್ನು ನೋಡಿ ನನ್ನ ಕೆನ್ನೆ ಹಿಂಡಿದಳು: ಶಾಣ್ಯಾ ಹುಡುಗಿ. ಆ ಮೆಚ್ಚುಗೆಯನ್ನು ನಾನು ತೆಗೆದುಕೊಂಡೆ. ಮರುದಿನ ಓಕರಿಕೆ ಬರಲಿಲ್ಲ, ಬಂದಂತೆ ಮಾಡಿದೆ. ಮೂರನೆಯ ದಿನ ಅದೂ ಬೇಕಾಗಲಿಲ್ಲ. ಉಂಡಾದ ಕೂಡಲೇ ತಾಟನ್ನು ಆಯಿಯ ಕಡೆ ಸರಿಸುತ್ತಿದ್ದೆ, ಅವಳು ತನ್ನದನ್ನು ಕುಡಿದು ನನ್ನದನ್ನೂ ಕುಡಿಯುತ್ತಿದ್ದಳು. ಮಧ್ಯಾಹ್ನ ಒಂದು, ಸಂಜೆ ಒಂದು. ಆಖರೀ ಬೂಂದ್ ಎಂದ ಮುಖ ನನಗೆ ಕಾಣುತ್ತಿರಲಿಲ್ಲವೆ? ಕಾಣುತ್ತಿತ್ತು. ಎಂಟು ವರ್ಷದ ಹುಡುಗಿಗೆ ಮುಖವೊಂದನ್ನು ಆಚೆ ತಿರುಗಿಸಿ ನಿಲ್ಲಿಸುವುದು ಕಷ್ಟವಲ್ಲ.

ಪಟ್ಟಿ ತಿಳಿ ಗುಲಾಬಿಗೆ ಇಳಿಯಿತು. ಅಪ್ಪ ಪಟ್ಟಿಗಳು ಹಳೆಯವಿರಬೇಕೆಂದು ಹೊಸ ಡಬ್ಬಿ ತಂದ. ಅದೂ ಗುಲಾಬಿ. ಗೀರುಗಳು ಹತ್ತಾದವು, ಹದಿನೆಂಟಾದವು. ಬಚ್ಚಲ ಬಾಗಿಲಲ್ಲಿ ಬಿದ್ದು ನನ್ನ ಹುಬ್ಬಿಗೆ ಮತ್ತೆ ಹೊಲಿಗೆ ಬಿತ್ತು. ಅಹಮದಾಬಾದಿಗೆ ಹೋಗಲು ಇಪ್ಪತ್ತೇ ದಿನ ಉಳಿದಿತ್ತು. ಅಪ್ಪ ತಕ್ಕಡಿಯನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿ ತಂದ, ತಕ್ಕಡಿಯಲ್ಲಿ ತಪ್ಪಿರಲಿಲ್ಲ. ತುಪ್ಪ ಬದಲಾಯಿಸಿದ, ಪನೀರಿನ ಅಂಗಡಿ ಬದಲಾಯಿಸಿದ, ಔಷಧದ ಗುಳಿಗೆಗಳಲ್ಲಿ ಸಕ್ಕರೆ ಇದೆಯೇ ಎಂದು ಆಸ್ಪತ್ರೆಗೆ ಫೋನು ಮಾಡಿ ಕೇಳಿದ. ಒಂದೊಂದನ್ನೇ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದೇ ಕಾರಣ ಎಂಬುದು ಅವನ ಕಸುಬಿನ ನಂಬಿಕೆ. ಕೊನೆಗೆ ಉಳಿದದ್ದು ಅವ್ವ.

“ಶಾರದಾ, ಖರೇ ಹೇಳು. ಆಕಿ ಅತ್ತರ ಏನರ ಕೊಡ್ತಿಯೇನು? ಒಂದು ಬಿಸ್ಕೀಟ, ಒಂದು ತುಣುಕ ಬೆಲ್ಲ?”

“ಕೊಡೂದಿಲ್ರಿ.”

“ಹಂಸಾಬೆನ್ ಚಿಕ್ಕಿ ಕಳಿಸಿದ್ದು ಎಲ್ಲಿ ಹೋತು?”

“ನಾ ತಿಂದೆ. ನಿಂತಕೊಂಡ ತಿಂದೆ, ಆಕಿ ಮಲಗಿದ್ದಾಗ. ಅದಕ್ಕೂ ಗೀರು ಹಾಕ್ತೀರೇನು?”

“ಪಟ್ಟಿ ಸುಳ್ಳು ಹೇಳೂದಿಲ್ಲ, ಶಾರದಾ.”

“ಹಂಗಾದ್ರ ಸುಳ್ಳು ನಾ ಹೇಳ್ತೀನಿ ಅಂತ ಆತು.”

ನಾನು ಅವರಿಬ್ಬರ ನಡುವೆ ನಿಂತಿದ್ದೆನೋ, ಮಂಚದ ಮೇಲೆ ಕೂತಿದ್ದೆನೋ, ಎರಡೂ ಚಿತ್ರಗಳು ನನ್ನ ಬಳಿ ಇವೆ. ಎರಡರಲ್ಲೂ ನನ್ನ ಬಾಯಿ ಮುಚ್ಚಿದೆ. ಮರುದಿನ ಅಪ್ಪ ಸಕ್ಕರೆ, ಬೆಲ್ಲ, ಬಿಸ್ಕೀಟು, ಅವಲಕ್ಕಿ, ಎಲ್ಲ ಡಬ್ಬಿಗಳನ್ನೂ ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬೀಗದ ಕೈ ಅವನ ಕಿಸೆಯಲ್ಲಿ ಕಾರ್ಖಾನೆಯ ಬಸ್ಸು ಹತ್ತುತ್ತಿತ್ತು. ದಿನದ ಚಹಾಕ್ಕೆ ಬೇಕಾದಷ್ಟು ಸಕ್ಕರೆಯನ್ನು ಬೆಳಿಗ್ಗೆ ಬಟ್ಟಲಲ್ಲಿ ತೆಗೆದಿಟ್ಟು ಹೋಗುತ್ತಿದ್ದ. ಅಪ್ಪ ಕೆಟ್ಟವನಾಗಿರಲಿಲ್ಲ, ಹೆದರಿದ್ದ, ಮತ್ತು ಹೆದರಿಕೆಯನ್ನು ವಿಧಾನ ಎಂದುಕೊಂಡಿದ್ದ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಧ್ಯಾಹ್ನ ಮೂರು ಗಂಟೆಗೆ ಹಂಸಾಬೆನ್ ಬಂದರು, ಜೊತೆಗೆ ಸೂರತ್‌ನಿಂದ ಬಂದಿದ್ದ ಅವರ ನಾದಿನಿ. ಬಟ್ಟಲಿನ ಸಕ್ಕರೆ ಬೆಳಗಿನ ಚಹಾಕ್ಕೇ ಮುಗಿದಿತ್ತು. ಬಂದವರನ್ನು ಚಹಾ ಕೊಡದೆ ಕಳಿಸುವುದು ಅವ್ವನಿಂದಾಗದು. ಅವಳು ಶುಂಠಿ ಜಜ್ಜಿ, ಏಲಕ್ಕಿ ಹಾಕಿ, ಹಾಲು ಹೆಚ್ಚು ಸುರಿದು ಸಕ್ಕರೆಯಿಲ್ಲದ ಚಹಾ ತಂದಿಟ್ಟಳು. ಪಲ್ಯಕ್ಕೂ ಸಕ್ಕರೆ ಹಾಕುವ ಊರಿನಲ್ಲಿ! ನಾದಿನಿ ಒಂದು ಗುಟುಕು ಕುಡಿದು ಕಪ್ಪಿನೊಳಗೆ ನೋಡಿದರು. ಹಂಸಾಬೆನ್ ನುಂಗಿದರು, ನಕ್ಕರು.

“ಶಾರದಾಬೆನ್, ಖಾಂಡ್ ಭೂಲೀ ಗಯಾ?”

ಸಕ್ಕರೆ ಮರೆತೆಯಾ ಎಂದಷ್ಟೇ. ಅವ್ವ ಮರೆತೆ ಎಂದರೆ ಆಗುತ್ತಿತ್ತು. ಅವಳು ಬೀರುವಿದ್ದ ಕೋಣೆಯ ಕಡೆ ನೋಡಿದಳು. ಹಂಸಾಬೆನ್ ಅವಳು ನೋಡಿದ ಕಡೆಗೇ ನೋಡಿದರು. ಆಮೇಲೆ ಎದ್ದು ತಮ್ಮ ಮನೆಗೆ ಹೋಗಿ ಮುಷ್ಟಿಯಷ್ಟು ಸಕ್ಕರೆಯನ್ನು ಪುಟ್ಟ ಬಟ್ಟಲಲ್ಲಿ ತಂದು, ನಾದಿನಿಯ ಕಪ್ಪಿಗೂ ತಮ್ಮ ಕಪ್ಪಿಗೂ ಹಾಕಿ, ಅವ್ವನ ಕಪ್ಪಿಗೆ ಎರಡು ಚಮಚ ಹಾಕಿ ಕಲಕಿ ಕೊಟ್ಟರು. ಅವ್ವ ಅದನ್ನು ಕುಡಿಯಲಿಲ್ಲ. ಅವರು ಹೋದ ಮೇಲೆ ಕಪ್ಪನ್ನು ತೊಟ್ಟಿಯಲ್ಲಿ ಸುರಿದು ತಿಕ್ಕತೊಡಗಿದಳು. ಆ ಕಪ್ಪಿನಲ್ಲಿ ತಿಕ್ಕುವಂಥದ್ದು ಏನೂ ಇರಲಿಲ್ಲ, ಆದರೂ ಅಳುತ್ತ ಬಹಳ ಹೊತ್ತು ತಿಕ್ಕಿದಳು.

“ಅವ್ವಾ, ನನ್ನ ತಾಟಿನ ನೀರು ಆಯಿ ಕುಡೀತಾಳ.”

“ಕುಡೀಲಿ ಬಿಡು.”

“ದಿನಾ ಕುಡೀತಾಳ. ನಾ ಕುಡಿಯೂದಿಲ್ಲ.”

ನಲ್ಲಿ ಹರಿಯುತ್ತಿತ್ತು. ಅವ್ವ ಅದನ್ನು ನಿಲ್ಲಿಸಿದಳು.

ಇಲ್ಲಿ ಹೊಲಿಗೆ ಕಾಣುತ್ತದೆ, ಅಲ್ಲವೇ? ಅಳುವ ತಾಯಿ, ಕರಗಿದ ಮಗಳು, ಸತ್ಯ. ಅವ್ವನ ಪ್ರಕಾರ ಹೀಗಾಗಲೇ ಇಲ್ಲ: ಅವಳಿಗೆ ಮೊದಲೇ ಅನುಮಾನ ಬಂದಿತ್ತು, ಯಾಕೆಂದರೆ ರೊಟ್ಟಿ ಚಟ್ನಿ ತಿನ್ನುವ ಅತ್ತೆಯ ಹೊಟ್ಟೆ ತಿಂಗಳಿಂದ ಕೆಟ್ಟಿತ್ತು, ಕುಬಸ ಬಿಗಿಯಾಗಿತ್ತು. ಆಯಿ ಬದುಕಿರುವತನಕ ಹೇಳುತ್ತಿದ್ದದ್ದು ಮೂರನೆಯದು: ತಾನೇ ಹೋಗಿ ಸೊಸೆಗೆ ಹೇಳಿದೆ ಎಂದು. ಮೂವರೂ ಸತ್ಯ ಹೇಳಿದ ಗೌರವ ತಮಗಿರಲಿ ಎನ್ನುವವರೇ. ನನ್ನ ಆವೃತ್ತಿಯನ್ನು ನಾನು ಇಟ್ಟುಕೊಂಡಿದ್ದೇನೆ, ಒಂದು ತಿದ್ದುಪಡಿಯೊಂದಿಗೆ. ಅವ್ವನ ಕಣ್ಣೀರಿಗೆ ನಾನು ಬಾಯಿ ಬಿಟ್ಟೆ ಎಂದು ಹೇಳಲಾರೆ. ಆ ದಿನ ಬೆಳಿಗ್ಗೆ ಉಯ್ಯಾಲೆಯ ಕೊಂಡಿಗಳನ್ನು ಎಣಿಸಿದ್ದೆ, ನಡುವೆ ಎಲ್ಲೋ ಬಿದ್ದೆ, ಎದ್ದು ನೋಡಿದರೆ ಎಷ್ಟಕ್ಕೆ ಬಂದಿದ್ದೆ ಎಂಬುದು ಹೋಗಿತ್ತು. ಅದು ಹೋದದ್ದು ನನಗೆ ಸಹಿಸಲಾಗಲಿಲ್ಲ. ನನಗೆ ನನ್ನ ತಲೆ ವಾಪಸು ಬೇಕಿತ್ತು.

ಅವ್ವ ಬೈಯಲಿಲ್ಲ. ಕೈ ಒರೆಸಿಕೊಂಡು ನನ್ನ ಖಾಲಿ ತಾಟನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದಳು. ಸಂಜೆ ಐದೂವರೆಗೇ ನನಗೆ ಊಟ ಬಡಿಸಿದಳು. ಆಯಿ ಕೈ ಚಾಚುವ ಮೊದಲೇ ತಾಟನ್ನು ಎತ್ತಿಕೊಂಡು ಮತ್ತೆ ತಕ್ಕಡಿಗಿಟ್ಟಳು. ನನಗೆ ಆ ಕೆಂಪು ಅಂಕಿ ಈಗಲೂ ಕಾಣುತ್ತದೆ. ಒಂಬತ್ತು. ಬಿಳಿಯ ಪೊರೆ, ಎಲೆಕೋಸಿನ ಎರಡು ಎಳೆ, ಒಟ್ಟು ಒಂಬತ್ತು ಗ್ರಾಂ, ಒಂದು ಹೊತ್ತಿಗೆ. ಅವ್ವನ ಮುಖದಲ್ಲಿ ಆಗ ಬಂದದ್ದನ್ನು ನಾನು ಲ್ಯಾಬಿನ ಅಪ್ಪನ ಮುಖದಲ್ಲೂ ನೋಡಿರಲಿಲ್ಲ. ಅವಳು ನಗುತ್ತಿದ್ದಳು. ತಾಟನ್ನು ಮುಟ್ಟಬೇಡಿರಿ ಎಂದು ಎಲ್ಲರಿಗೂ ಹೇಳಿ, ತಕ್ಕಡಿಯ ಅಂಕಿ ಆರದಂತೆ ಆಗಾಗ ಗುಂಡಿ ಒತ್ತುತ್ತ ಕಾದಳು. ಆರು ಗಂಟೆಗೆ ಅಪ್ಪ ಬಂದು ಬೂಟು ಬಿಚ್ಚುವಷ್ಟರಲ್ಲಿ:

“ರೀ, ಬರ್ರಿ ಇಲ್ಲೆ. ರೀಡಿಂಗ್ ತಗೋರಿ.”

“ಏನಿದು?”

“ನಿಮ್ಮ ಮಗಳ ತಾಟು. ಸ್ಯಾಂಪಲ್. ಓದ್ರಿ.”

“ಒಂಬತ್ತು.”

“ದಿನಕ್ಕ ಎರಡು ಸಲ. ಒಂದು ತಿಂಗಳಾತು. ಎಲ್ಲಿ ಹೋಗತೈತಿ ಅಂತ ನಿಮ್ಮ ಅವ್ವನ್ನ ಕೇಳ್ರಿ.”

ಅಪ್ಪನಿಗೆ ಕೇಳುವ ಅವಶ್ಯಕತೆ ಬೀಳಲಿಲ್ಲ. ಆಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಏನು, ಕೂಸಿನ ಔಷಧ ನಾ ಕುಡದ್ನೇನೋ?” ಎಂದು ಮಗನನ್ನು ಕೇಳಿದಳು. “ತಾಟು ಸ್ವಚ್ಛ ಆಗಬೇಕು ಅಂದ್ರಿ. ಸ್ವಚ್ಛ ಮಾಡೀನಿ. ಯಾರ ಹೊಟ್ಟಿಗೆ ಅಂತ ನನಗ ಯಾರೂ ಹೇಳಲಿಲ್ಲಪ್ಪ.”

ಅವಳು ಅಲ್ಲೇ ನೆಲಕ್ಕೆ ಕೂತಳು. ಅಪ್ಪ ತಾಯಿಯ ಪಕ್ಕ ಕೂತ. ಆಮೇಲೆ, ಇದನ್ನು ಅವ್ವನೂ ಒಪ್ಪುತ್ತಾಳೆ, ಅವನು ಕಿಸೆಯಿಂದ ಬೀಗದ ಕೈ ತೆಗೆದು ಅವ್ವನ ಕಡೆ ಚಾಚಿದ. ಅವ್ವ ತೆಗೆದುಕೊಳ್ಳಲಿಲ್ಲ.

“ಇರ್ಲಿ, ನಿಮ್ಮ ಹತ್ರನ ಇರ್ಲಿ. ಸಕ್ಕರಿ ಬೇಕಾದಾಗ ಕೇಳ್ತೀನಿ. ಹಂಸಾಬೆನ್ ಮುಂದ ಕೇಳ್ತೀನಿ.”

ಅಪ್ಪ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಬೀಗದ ಕೈ ಒಂದು ವಾರ ಅಲ್ಲೇ ಬಿದ್ದಿತ್ತು, ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಆಯಿ ಬೀರು ತೆಗೆದು ಡಬ್ಬಿಗಳನ್ನೆಲ್ಲ ತಂದಿಟ್ಟಳು, ಗಂಡಹೆಂಡಿರ ಜಗಳದಾಗ ನನಗ ಸಪ್ಪನ ಚಾ ಯಾಕ ಎಂದು ಗೊಣಗುತ್ತ. ಅಷ್ಟರೊಳಗೆ ಅವಳು ತನ್ನ ತಪ್ಪಿಗೆ ತನ್ನದೇ ಮದ್ದು ಹುಡುಕಿದ್ದಳು. ತಾಟಿಗೆ ತಣ್ಣೀರಿನ ಬದಲು ಕುದಿಯುವ ನೀರು, ಅದಕ್ಕೆ ಉಪ್ಪು, ಡಯಟಿಶಿಯನ್‌ಗೆ ಫೋನಿನಲ್ಲಿ ಕೇಳಿ ಒಂದು ಚಿಟಿಕೆ ಮೆಣಸಿನ ಪುಡಿ. ಪೊರೆ ಕರಗಿ ಹೊಳೆಯುವ ಚಿನ್ನದ ಬೊಟ್ಟುಗಳಾಗುತ್ತಿತ್ತು. ನಾನು ಎರಡೂ ಕೈಯಲ್ಲಿ ತಾಟು ಎತ್ತಿ ಸುರಿದುಕೊಳ್ಳುತ್ತಿದ್ದೆ, ಮೂವರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಮೊದಲ ದಿನ ಆಯಿ ತನ್ನ ಬಾಯನ್ನೂ ನನ್ನ ಜೊತೆ ತೆರೆದಿದ್ದಳು. ಐದನೆಯ ಬೆಳಿಗ್ಗೆ ಅಪ್ಪ ಬಚ್ಚಲಿನಿಂದ ಓಡಿ ಬಂದ. ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಬದನೆಕಾಯಿ. ಆದರೆ ಅವನು ಕಿಟಕಿಗೆ ಹೋಗಲಿಲ್ಲ, ಪಟ್ಟಿಯನ್ನು ನೇರ ಅವ್ವನ ಮುಂದೆ ಹಿಡಿದ. ಅವಳು ನೋಡಿ ‘ಹೂಂ’ ಎಂದಳು. ಅಷ್ಟೇ. ಒಲೆಯ ಕಡೆ ತಿರುಗಿದಳು. ಗೀರುಗಳು ಏಳಾದವು, ನಾಲ್ಕಾದವು.

ಅಹಮದಾಬಾದಿನಲ್ಲಿ ಡಾಕ್ಟರು ಅಪ್ಪನ ನೋಟುಬುಕ್ಕನ್ನು ತಿರುಗಿಸುತ್ತಿದ್ದರೆ ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಗೀರುಗಳು ಇಳಿದು, ಏರಿ, ಮತ್ತೆ ಇಳಿದಿದ್ದವು. ಏರಿದ ಪುಟಗಳಲ್ಲಿ ಅವರ ಬೆರಳು ನಿಂತಿತು. ಮೂರು ತಿಂಗಳ ಒಟ್ಟು ಲೆಕ್ಕ ನಮ್ಮ ಕಡೆ ಇರಲಿಲ್ಲ, ಅದು ಅಪ್ಪನಿಗೆ ಗೊತ್ತಿತ್ತು. ರೈಲಿನಲ್ಲಿ ಎರಡು ಗಂಟೆ ಅವನು ಆ ಗೀರುಗಳನ್ನೇ ಮತ್ತೆ ಮತ್ತೆ ಕೂಡಿಸಿದ್ದ. ‘ಇಲ್ಲೇನಾಯಿತು?’ ಎಂದು ಡಾಕ್ಟರು ಕೇಳಿದರು. ಅಪ್ಪ ಇಂಗ್ಲಿಷಿನಲ್ಲಿ ಶುರುಮಾಡಿದ, ನಾವು ಒಂದು ಎರರ್ ಕಂಡುಹಿಡಿದೆವು ಎಂದ. ಆಮೇಲೆ ಕತ್ತು ತಿರುಗಿಸಿ ಅವ್ವನನ್ನು ನೋಡಿದ.

“ನೀನ ಹೇಳು, ಶಾರದಾ. ಕಂಡುಹಿಡದಾಕಿ ನೀನು.”

ಅವ್ವನ ಹಿಂದಿ ಆಗ ತರಕಾರಿಯವನಿಗೆ ಸಾಲುವಷ್ಟು. ಅವಳು ಡಾಕ್ಟರರ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಾಟು ಮಾಡಿದಳು, ಅಂಗೈಯನ್ನು ತಕ್ಕಡಿ ಮಾಡಿದಳು, ಅತ್ತೆಯ ಹಾಗೆ ಎತ್ತಿ ಕುಡಿದಳು. ಡಯಟಿಶಿಯನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಡಾಕ್ಟರು ನಗಲಿಲ್ಲ. ಅವರು ಏರಿದ ಪುಟಗಳ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಇವು ಲೆಕ್ಕಕ್ಕಿಲ್ಲ ಎಂದರು. ಇನ್ನೂ ಮೂರು ತಿಂಗಳು ನಡೆಯಲಿ. ಅಪ್ಪ ನನ್ನ ಭುಜದ ಮೇಲಿಟ್ಟಿದ್ದ ಕೈ ಎಷ್ಟು ಭಾರವಾಗಿತ್ತು ಎಂಬುದು ಅವನು ಅದನ್ನು ತೆಗೆದಾಗ ಗೊತ್ತಾಯಿತು.

ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ದಿನವೇ ಈ ಊಟ ಶುರುಮಾಡುವವಳು. ಕೈಯಲ್ಲಿ ನಮ್ಮಂಥದೇ ಚೀಟಿ, ಅದನ್ನು ಮಡಚುವುದು ಬಿಚ್ಚುವುದು ಮಾಡುತ್ತಿದ್ದಳು. ಅಪ್ಪ ರೈಲಿನ ಹೊತ್ತು ನೋಡುತ್ತಿದ್ದ. ಅವ್ವ ಆ ಹೆಂಗಸಿನ ಪಕ್ಕ ಹೋಗಿ ಕೂತಳು. ನಾನು ಕೇಳಿಸಿಕೊಂಡದ್ದು ಇದು:

“ಬೆನ್, ಥಾಲೀ ಕೋ ಮತ್ ದೇಖನಾ. ಬಚ್ಚೇ ಕೋ ದೇಖನಾ.”

ತಾಟನ್ನು ನೋಡಬೇಡ, ಮಗುವನ್ನು ನೋಡು. ಅಷ್ಟು ನೇರವಾದ ಹಿಂದಿ ತಾನು ಆಗ ಆಡಿರಲು ಸಾಧ್ಯವೇ ಇಲ್ಲ ಎನ್ನುತ್ತಾಳೆ ಅವ್ವ. ತಾನು ಕೇಳಿದ್ದು ಇಲ್ಲಿ ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂದು ಮಾತ್ರವಂತೆ. ಇರಬಹುದು. ಆದರೆ ಆ ಹೆಂಗಸು ಚೀಟಿ ಮಡಚುವುದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಅವಳು ಚೀಟಿಯನ್ನು ಪಕ್ಕಕ್ಕಿಟ್ಟು, ಎರಡೂ ಕೈಯಿಂದ ಮಗುವಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.